ನಾನು ಡಾಕ್ಟರ್ ಅಲ್ಲ: ಒಂದು ಹಳೆಯ ಜಾಹೀರಾತು, ಬಿಟ್ಟ ಗುಳಿಗೆ ಮತ್ತು ಕಲಬುರಗಿಯ ಒಂದು ತಿದ್ದುಪಡಿ

ತೊಗರಿ ರಾಶಿ ನಡೆಯುವ ಜನವರಿಯಲ್ಲಿ ಕಲಬುರಗಿಯ ಒಂದು ಆಸ್ಪತ್ರೆಯಿಂದ ನಮ್ಮ ಸುದ್ದಿಮನೆಗೆ ಫೋನ್ ಬಂತು. ಮಾತಾಡಿದವರು ಸರ್ಜರಿ ವಾರ್ಡಿನ ಡಾಕ್ಟರ್. ಆಳಂದ ಕಡೆಯ ಒಬ್ಬ ರೈತ ದಾಖಲಾಗಿದ್ದಾರೆ, ವಯಸ್ಸು ಐವತ್ತು ದಾಟಿದೆ, ಬಲಗಾಲಿನ ಕಿರುಬೆರಳು ಕಪ್ಪಾಗಿದೆ. ಸಕ್ಕರೆ ಕಾಯಿಲೆ ಹಳೆಯದು. ಗುಳಿಗೆ ನಿಲ್ಲಿಸಿ ನಾಲ್ಕೈದು ತಿಂಗಳಾಗಿದೆ. ಯಾಕೆ ನಿಲ್ಲಿಸಿದಿರಿ ಅಂತ ಕೇಳಿದರೆ "ಟೀವಿ ಡಾಕ್ಟರಮ್ಮ ಹೇಳ್ಯಾರ" ಅನ್ನುತ್ತಾರೆ. ಮಗನ ಫೋನಿನಲ್ಲಿ ವಿಡಿಯೋ ಇದೆ. ಅದರಲ್ಲಿರುವುದು ನಿಮ್ಮ ವರದಿಗಾರ್ತಿ.

ನಮ್ಮದು ಚಿಕ್ಕ ವೆಬ್ ಚಾನೆಲ್. ಆರೋಗ್ಯದ ಸುದ್ದಿಗಳನ್ನು ತಿದ್ದಿ ಪ್ರಕಟಣೆಗೆ ಬಿಡುವುದು ನನ್ನ ಕೆಲಸ. ಈ ಪ್ರಕರಣವನ್ನು ಮೊದಲಿಂದ ಕೊನೆಯವರೆಗೆ ಬರೆದಿಡಬೇಕು ಅನ್ನಿಸಿದ್ದು, ಇದು ಮತ್ತೆ ಎಲ್ಲಾದರೂ ಆಗಿಯೇ ಆಗುತ್ತದೆ ಎಂಬ ಕಾರಣಕ್ಕೆ. ಜನರಿಗೆ ಮುಖ ಪರಿಚಯವಿರುವ ಯಾರೇ ಆರೋಗ್ಯದ ವಿಷಯ ಮಾತಾಡಲಿ, ಅವರಿಗೆ ಇದು ಎದುರಾಗಬಹುದು. ರೋಗಿಯ ಹೆಸರು, ವರದಿಗಾರ್ತಿಯ ಹೆಸರು, ಪುಡಿ ಮಾರಿದವರ ಹೆಸರು ಮೂರನ್ನೂ ಬಿಟ್ಟಿದ್ದೇನೆ.

ಆ ಮುಖ

ವರದಿಗಾರ್ತಿ ಕಲಬುರಗಿಯ ಹುಡುಗಿಯೇ. ಕಾಲೇಜಿನ ನಾಟಕಗಳಿಂದ ಬೆಂಗಳೂರಿಗೆ ಹೋದರು. ಒಂದಿಷ್ಟು ಸಣ್ಣಪುಟ್ಟ ಪಾತ್ರ ಮಾಡಿದ ಮೇಲೆ ಒಂದು ಧಾರಾವಾಹಿಯಲ್ಲಿ ದೊಡ್ಡ ಪಾತ್ರ ಸಿಕ್ಕಿತು. ತುಂಬು ಕುಟುಂಬದ ಸಣ್ಣ ಸೊಸೆ, ಓದಿದವಳು, ಡಾಕ್ಟರ್. ಭಾನುವಾರ ಶನಿವಾರ ಬಿಟ್ಟು ದಿನಾ ರಾತ್ರಿ, ಜಾಹೀರಾತು ಕಳೆದರೆ ಇಪ್ಪತ್ತು ಇಪ್ಪತ್ತೆರಡು ನಿಮಿಷದ ಕಂತು.

ಧಾರಾವಾಹಿ ಸೆಟ್‌ನಲ್ಲಿ ಪ್ರಾಂಪ್ಟಿಂಗ್ ಅಂತ ಒಂದು ಪದ್ಧತಿ ಇದೆ. ಕ್ಯಾಮೆರಾ ಆಚೆ ಒಬ್ಬರು ನಿಂತು ಸಾಲು ಸಾಲಾಗಿ ಡೈಲಾಗ್ ಓದುತ್ತಾರೆ. ನಟಿ ಅದನ್ನು ಕಿವಿಗೆ ಹಾಕಿಕೊಂಡು, ಅದು ತನ್ನದೇ ಮಾತು ಎನ್ನುವ ಹಾಗೆ ಹೇಳುತ್ತಾರೆ. ದಿನಕ್ಕೊಂದು ಕಂತು ಕೊಡಬೇಕಾದರೆ ಬಾಯಿಪಾಠ ಮಾಡುತ್ತಾ ಕೂರಲು ಆಗುವುದಿಲ್ಲ. ಇವರು ಪರದೆ ಮೇಲೆ ಹೇಳಿದ ಎಲ್ಲ ಕಾಯಿಲೆಗಳ ಹೆಸರೂ, ಔಷಧಿಗಳ ಹೆಸರೂ ಹೀಗೆ ಬಂದವು. "ಅರ್ಥ ಗೊತ್ತಿಲ್ಲದ ಶಬ್ದವನ್ನೇ ನಾನು ಜಾಸ್ತಿ ಧೈರ್ಯದಿಂದ ಹೇಳ್ತಿದ್ದೆ, ತಡವರಿಸಿದರೆ ರೀಟೇಕ್ ಆಗುತ್ತಲ್ಲ" ಎಂದು ಅವರೇ ಒಮ್ಮೆ ಹೇಳಿದ್ದಾರೆ.

ನೋಡುವವರಿಗೆ ಅದು ಕಾಣುವುದಿಲ್ಲ. ಅವರಿಗೆ ಕಂಡದ್ದು ರಾತ್ರಿ ಊಟದ ಹೊತ್ತಿಗೆ ಮನೆಗೆ ಬರುವ, ಬಿಳಿ ಕೋಟು ಹಾಕಿದ, ಯಾರ ಮೇಲೂ ರೇಗದ ಒಬ್ಬ ಡಾಕ್ಟರ್. ಅತ್ತೆಯ ಕಾಲಿಗೆ ಕೂತು ಮುಲಾಮು ಹಚ್ಚುವ ಡಾಕ್ಟರ್. ಸರ್ಕಾರಿ ದವಾಖಾನೆಯ ಒಪಿಡಿಯಲ್ಲಿ ಒಬ್ಬ ರೋಗಿಗೆ ಸಿಗುವುದು ಕೆಲವೇ ನಿಮಿಷ. ಡಾಕ್ಟರ್ ತಲೆಯೆತ್ತಿ ನೋಡುವಷ್ಟರಲ್ಲಿ ಹಿಂದಿನವರು ಚೀಟಿ ಮುಂದೆ ಚಾಚಿರುತ್ತಾರೆ. ಧಾರಾವಾಹಿಯ ಡಾಕ್ಟರ್‌ಗೆ ಅಂಥ ಅವಸರವೇ ಇಲ್ಲ. ಜನ ಆ ಮುಖವನ್ನು ಹಚ್ಚಿಕೊಂಡರು ಎಂದರೆ ಅದರಲ್ಲಿ ಅವರ ದಡ್ಡತನ ಏನೂ ಇಲ್ಲ. ಸಮಾಧಾನವಾಗಿ ಮಾತಾಡುವ ಡಾಕ್ಟರ್ ಬೇಕು ಅಂತ ಎಲ್ಲರಿಗೂ ಆಸೆ ಇರುತ್ತದೆ, ಅಲ್ವಾ?

ಧಾರಾವಾಹಿ ಮುಗಿಯಿತು. ಅವಕಾಶ ಕಡಿಮೆಯಾಯಿತು. ಊರಿಗೆ ವಾಪಸ್ ಬಂದು ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿದರು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ಕಲಬುರಗಿಯಲ್ಲೇ. ಆ ದಿನಗಳಲ್ಲಿ ಊರಿನಲ್ಲಿ ಹಬ್ಬಿದ ಗಾಳಿಮಾತಿಗೆ ಲೆಕ್ಕವಿರಲಿಲ್ಲ. ಯಾವುದು ನಿಜ, ಯಾವುದು ಸುಳ್ಳು ಅಂತ ಡಾಕ್ಟರುಗಳನ್ನು ಕೇಳಿ ನಮ್ಮ ಭಾಷೆಯಲ್ಲಿ ಹೇಳುವವರು ಬೇಕಾಗಿತ್ತು. ಇವರು ಆ ಕೆಲಸಕ್ಕೆ ಕೂತರು, ಅಲ್ಲೇ ಉಳಿದರು. ಕಲಿತು ಮಾಡಿದರು ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಒಂದು ಲ್ಯಾಬ್ ವರದಿಯ ಅಂಕಿ ಅರ್ಥವಾಗದಿದ್ದರೆ ಮೂವರನ್ನು ಕೇಳುತ್ತಿದ್ದರು. ಆದರೂ ಬೀದಿಯಲ್ಲಿ, ಸೂಪರ್ ಮಾರ್ಕೆಟ್ ಕಡೆ ಹೋದರೆ, ಶರಣಬಸವೇಶ್ವರ ಗುಡಿಯ ಹತ್ತಿರ ನಿಂತರೆ, ಜನ ಕರೆಯುತ್ತಿದ್ದದ್ದು "ಡಾಕ್ಟರಮ್ಮ" ಎಂದೇ. ಅವರು ನಕ್ಕು ಸುಮ್ಮನಾಗುತ್ತಿದ್ದರು. ನಾವೂ ಸುಮ್ಮನಿದ್ದೆವು. ಪ್ರೀತಿಯಿಂದ ಕರೆಯುತ್ತಾರೆ, ಇರಲಿ ಬಿಡಿ ಅನ್ನುವಂತೆ.

ಇನ್ನು ಆ ವಿಡಿಯೋ. ಧಾರಾವಾಹಿ ಜೋರಾಗಿ ಓಡುತ್ತಿದ್ದ ಕಾಲದಲ್ಲಿ ಒಂದು ಪುಡಿಯ ಜಾಹೀರಾತಿಗೆ ಅವರನ್ನು ಕರೆದಿದ್ದರು. ಅರ್ಧ ದಿನದ ಶೂಟಿಂಗ್, ಒಂದು ಹಾಳೆಯ ಕರಾರು, ಒಂದೇ ಸಲದ ಸಂಭಾವನೆ. ಧಾರಾವಾಹಿಯಂಥದ್ದೇ ಬಿಳಿ ಕೋಟು, ಕೊರಳಲ್ಲಿ ಸ್ಟೆತಸ್ಕೋಪ್. ಮೆಂತ್ಯ, ನೇರಳೆ ಬೀಜ, ಹಾಗಲಕಾಯಿ ಸೇರಿಸಿದ ಪುಡಿ. ಅದನ್ನು ತೋರಿಸಿ, ಇದನ್ನು ತಗೊಂಡರೆ ಸಕ್ಕರೆ ಕಾಯಿಲೆಗೆ ಮಾತ್ರೆಯ ಹಂಗಿಲ್ಲ ಎಂದು ಅವರು ಹೇಳಿದ್ದಾರೆ. ಕೇಬಲ್ ಚಾನೆಲ್‌ಗಳಲ್ಲಿ ಕೆಲವು ತಿಂಗಳು ಬಂದು ಅದು ನಿಂತುಹೋಗಿತ್ತು. ವರ್ಷಗಳ ಮೇಲೆ ಯಾರೋ ಅದರ ಮೊದಲ ಭಾಗವನ್ನು ಮಾತ್ರ ಕತ್ತರಿಸಿ, ಹಳೆಯ ಹೆಸರು ಅಳಿಸಿ, ಕೆಳಗೆ ಒಂದು ಫೋನ್ ನಂಬರ್ ಅಂಟಿಸಿ ವಾಟ್ಸಾಪ್‌ಗೆ ಬಿಟ್ಟರು. ಜಾಹೀರಾತು ಎಂಬ ಗುರುತೇ ಉಳಿದಿರಲಿಲ್ಲ. ನೋಡಿದರೆ ಡಾಕ್ಟರ್ ಒಬ್ಬರು ಸಲಹೆ ಕೊಡುತ್ತಿರುವ ಹಾಗೆಯೇ ಕಾಣುತ್ತದೆ.

ಗುಳಿಗೆ ಬಿಟ್ಟ ಮೇಲೆ

ಈ ರೈತನಿಗೆ ವಿಡಿಯೋ ಬಂದದ್ದು ತೊಗರಿ ಧಾರಣೆ ತಿಳಿಸುವ ಗ್ರೂಪ್‌ನಿಂದ. ಕಲಬುರಗಿ ಮಾರುಕಟ್ಟೆಯಲ್ಲಿ ಕ್ವಿಂಟಲ್‌ಗೆ ಎಷ್ಟು ನಡೆದಿದೆ ಅಂತ ದಿನಾ ನೋಡುವ ಗ್ರೂಪ್. ಅಲ್ಲಿ ಬರುವ ಧಾರಣೆ ಸುಳ್ಳಾಗುವುದು ಅಪರೂಪ. ಹಾಗಾಗಿ ಅಲ್ಲಿ ಬಂದ ಈ ವಿಡಿಯೋವನ್ನೂ ಅವರು ಅನುಮಾನಿಸಲಿಲ್ಲ. ನಂಬರ್‌ಗೆ ಫೋನ್ ಮಾಡಿದರು, ಡಬ್ಬಿ ತರಿಸಿಕೊಂಡರು, ಗುಳಿಗೆ ನಿಲ್ಲಿಸಿದರು.

ಮುಂದಿನದನ್ನು ನಾನು ಬಿಡಿಸಿ ಹೇಳಬೇಕು. ಇಂಥ ಪುಡಿಗಳು ತಿಂಗಳುಗಟ್ಟಲೆ ಹೇಗೆ ನಂಬಿಕೆ ಉಳಿಸಿಕೊಳ್ಳುತ್ತವೆ ಎಂಬುದು ಅಲ್ಲಿದೆ.

ಅವರು ತೆಗೆದುಕೊಳ್ಳುತ್ತಿದ್ದದ್ದು ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್. ಮೆಟ್‌ಫಾರ್ಮಿನ್ ಹಳೆಯ, ಅಗ್ಗದ, ಒಳ್ಳೆಯ ಔಷಧ. ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತದೆ, ಭೇದಿ ಆಗುತ್ತದೆ, ಬಾಯಿ ರುಚಿ ಕೆಡುತ್ತದೆ. ಗ್ಲಿಮೆಪಿರೈಡ್ ತಗೊಂಡು ಊಟ ತಡವಾದರೆ ಸಕ್ಕರೆ ಜಾಸ್ತಿ ಇಳಿದು ಬೆವರು ಬರುತ್ತದೆ, ಕೈ ನಡುಗುತ್ತದೆ. ಹೊಲದಲ್ಲಿ ದುಡಿಯುವವರ ಊಟಕ್ಕೆ ಹೊತ್ತು ಗೊತ್ತು ಇರುವುದಿಲ್ಲ. ಎರಡೂ ಗುಳಿಗೆ ಬಿಟ್ಟ ವಾರದಲ್ಲೇ ಈ ಎಲ್ಲ ತ್ರಾಸು ನಿಂತವು. ಹೊಟ್ಟೆ ಹಗುರಾಯಿತು. ಬೆವರು ನಿಂತಿತು. ಪುಡಿ ಕೆಲಸ ಮಾಡ್ತಿದೆ ಅಂತ ಅವರಿಗೆ ಅನಿಸಿದ್ದು ಸಹಜವೇ. ಮೈಯಲ್ಲಿ ಹಿತ ಅನಿಸಿದ್ದಂತೂ ನಿಜ.

ರಕ್ತದಲ್ಲಿ ಸಕ್ಕರೆ ಏರಿದರೆ ನೋವು ಆಗುವುದಿಲ್ಲ. ಸುಮ್ನೆ ಏರುತ್ತಾ ಹೋಗುತ್ತದೆ. ಒಂದು ಮಟ್ಟ ದಾಟಿದ ಮೇಲೆ ಮೂತ್ರಪಿಂಡ ಆ ಸಕ್ಕರೆಯನ್ನು ನೀರಿನ ಜೊತೆ ಹೊರಗೆ ಹಾಕುತ್ತದೆ. ರಾತ್ರಿ ನಾಲ್ಕು ಸಲ ಏಳಬೇಕಾಯಿತು. ಪುಡಿ ಮಾರುವವರಿಗೆ ಫೋನ್ ಮಾಡಿ ಕೇಳಿದರೆ, ಮೈಯೊಳಗಿನ ವಿಷ ಹೊರಗೆ ಹೋಗ್ತಿದೆ ಎಂದರು. ತೂಕ ಇಳಿಯಿತು. ಸಕ್ಕರೆಯನ್ನು ಬಳಸಿಕೊಳ್ಳಲಾಗದ ದೇಹ ತನ್ನದೇ ಕೊಬ್ಬು, ಮಾಂಸ ಕರಗಿಸಿಕೊಳ್ಳುತ್ತಿತ್ತು. ಬೊಜ್ಜು ಕರಗಿದೆ, ಒಳ್ಳೆಯದೇ ಆಯಿತು ಎಂದರು. ಕಾಯಿಲೆ ಕೈಮೀರುತ್ತಿದೆ ಎನ್ನುವ ಒಂದೊಂದು ಗುರುತಿಗೂ ಆ ಕಡೆ ಒಂದೊಂದು ಸಿಹಿ ಉತ್ತರ ತಯಾರಿತ್ತು. ಅದನ್ನು ಕೇಳಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಕಾಲಿನ ಕಥೆ ಅದಕ್ಕಿಂತ ಹಳೆಯದು. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ಪಾದದ ನರಗಳು ಮರಗಟ್ಟುತ್ತವೆ. ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗುವುದಿಲ್ಲ. ತೊಗರಿ ಕೊಯ್ದ ಮೇಲೆ ಹೊಲದಲ್ಲಿ ಮೊನಚಾದ ಕೂಳೆ ಉಳಿಯುತ್ತದೆ. ಅದು ಕಿರುಬೆರಳಿನ ಸಂದಿಗೆ ಚುಚ್ಚಿದೆ. ಅವರಿಗೆ ನೋವೇ ಆಗಿಲ್ಲ. ಸಂಜೆ ಕಾಲು ತೊಳೆಯುವಾಗ ಹೆಂಡತಿ ರಕ್ತ ನೋಡಿ ಅರಿಶಿನ ಹಚ್ಚಿದ್ದಾರೆ. ಸಕ್ಕರೆ ಹೆಚ್ಚಿರುವ ರಕ್ತದಲ್ಲಿ ಬಿಳಿ ರಕ್ತಕಣಗಳು ಸೋಂಕಿನ ಜೊತೆ ಸರಿಯಾಗಿ ಹೋರಾಡುವುದಿಲ್ಲ. ರಕ್ತನಾಳ ಕಿರಿದಾಗಿದ್ದರೆ ಗಾಯದವರೆಗೆ ರಕ್ತವೂ ಸಾಕಷ್ಟು ಮುಟ್ಟುವುದಿಲ್ಲ. ವಾಸನೆ ಬರತೊಡಗಿದ ಮೇಲೆ ದವಾಖಾನೆಗೆ ಬಂದರು.

ಆಸ್ಪತ್ರೆಯಲ್ಲಿ ಎಚ್‌ಬಿಎ1ಸಿ ನೋಡಿದರೆ 12 ದಾಟಿತ್ತು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅದಕ್ಕೆ ಎಷ್ಟು ಸಕ್ಕರೆ ಅಂಟಿದೆ ಎಂದು ಹೇಳುವ ಪರೀಕ್ಷೆ ಇದು. ಹಾಗಾಗಿ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. 5.7ರ ಕೆಳಗಿದ್ದರೆ ಸರಿ, 6.5 ಅಥವಾ ಅದಕ್ಕಿಂತ ಮೇಲಿದ್ದರೆ ಸಕ್ಕರೆ ಕಾಯಿಲೆ. ಕಾಯಿಲೆ ಇರುವ ಹೆಚ್ಚಿನವರಿಗೆ ಡಾಕ್ಟರು 7ರ ಆಸುಪಾಸು ಇಟ್ಟುಕೊಳ್ಳಿ ಅನ್ನುತ್ತಾರೆ. ಇವರದು ಗುಳಿಗೆ ಬಿಡುವ ಮುಂಚೆ 8ರ ಹತ್ತಿರ ಇತ್ತು ಎಂದು ಹಳೆಯ ಚೀಟಿ ಹೇಳುತ್ತಿತ್ತು. ಕಿರುಬೆರಳು ತೆಗೆದರು. ಪಾದ ಉಳಿಯಿತು.

ವರದಿಗಾರ್ತಿ ಆಸ್ಪತ್ರೆಗೆ ಹೋದರು. ಬೇಡ ಎಂದು ನಾನು ತಡೆಯಲಿಲ್ಲ. ಕ್ಯಾಮೆರಾ ಮಾತ್ರ ಒಯ್ಯಬೇಡಿ ಎಂದೆ. ಅವರನ್ನು ಕಂಡ ಕೂಡಲೇ ಆ ರೈತ ಎದ್ದು ಕೂರಲು ನೋಡಿದರಂತೆ.

"ಬರ್ರಿ ಡಾಕ್ಟರಮ್ಮ."

"ಕಾಕಾ, ನಾ ಡಾಕ್ಟರ್ ಅಲ್ರಿ."

"ಅಲ್ಲಂದ್ರ ಹ್ಯಾಂಗವ್ವಾ? ದಿನಾ ನೋಡೀವಲ್ಲ."

ಪಕ್ಕದಲ್ಲಿದ್ದ ಹೆಂಡತಿ ಹೇಳಿದ ಮಾತು ಇನ್ನೂ ಭಾರವಾಗಿತ್ತು. "ಇವರು ಮೊದಲ ಗುಳಿಗಿ ಬಿಡಾಕ ಒಲ್ಲೆ ಅಂದ್ರು ಯವ್ವಾ. ನೀವ್ ಹೇಳೀರಿ ಅಂತ ನಾನಽ ಡಬ್ಬಿ ಎತ್ತಿಟ್ಟೆ."

ತಿದ್ದುಪಡಿ

ಅವತ್ತು ಸಂಜೆ ಸುದ್ದಿಮನೆಯಲ್ಲಿ ಮೊದಲು ಬಂದ ಸಲಹೆ ಏನು ಗೊತ್ತಾ? ಅದು ಎಐ ಮಾಡಿದ ನಕಲಿ ವಿಡಿಯೋ ಎಂದು ಹೇಳಿಬಿಡೋಣ ಎಂಬುದು. ಈಗ ಅಂಥವು ಬೇಕಾದಷ್ಟು ಬರುತ್ತವೆ, ಯಾರೂ ಪ್ರಶ್ನೆ ಮಾಡುವುದಿಲ್ಲ. ಹೇಳಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಗೆಳತಿಯ ಹೆಸರು ಉಳಿಸಬೇಕು ಅಂತಿತ್ತು. ವರದಿಗಾರ್ತಿಯೇ ಒಪ್ಪಲಿಲ್ಲ. "ಅದರಾಗ ಇರೋದು ನಾನೇ. ಸುಳ್ಳು ತಿದ್ದಾಕ ಇನ್ನೊಂದು ಸುಳ್ಳು ಹೇಳಿದ್ರ, ಮುಂದ ಯಾವ ಬಾಯಿಂದ ಆರೋಗ್ಯ ಸುದ್ದಿ ಹೇಳ್ಲಿ?" ಅಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಎರಡನೆಯದು, ಸುದ್ದಿಯನ್ನು ಯಾರು ಬರೆಯಬೇಕು? ಅವರೇ ಪ್ರಕರಣದ ಒಳಗಿನವರು. ತಮ್ಮದೇ ವಿಷಯದ ಸುದ್ದಿಯನ್ನು ತಾವೇ ಬರೆದರೆ ಅದು ಸುದ್ದಿ ಆಗುವುದಿಲ್ಲ. ವರದಿಯನ್ನು ಇನ್ನೊಬ್ಬ ವರದಿಗಾರರಿಗೆ ಕೊಟ್ಟೆವು. ಅವರು ಇವರನ್ನೂ ಬೇರೆ ಯಾರನ್ನೋ ಪ್ರಶ್ನಿಸುವ ಹಾಗೆ ಕೂರಿಸಿ ಪ್ರಶ್ನಿಸಿದರು. ಎಷ್ಟು ದುಡ್ಡು ತಗೊಂಡಿರಿ, ಕರಾರಿನಲ್ಲಿ ಏನಿತ್ತು, ಪುಡಿ ಬಗ್ಗೆ ಯಾರನ್ನಾದರೂ ಕೇಳಿದ್ದಿರಾ? ಉತ್ತರಗಳನ್ನು ಹಾಗೇ ಹಾಕಿದೆವು. ವರದಿಗಾರ್ತಿ ಮಾಡಬೇಕಾದದ್ದು ಬೇರೆ ಕೆಲಸ: ತಮ್ಮ ಬಾಯಿಂದ ಒಂದು ತಿದ್ದುಪಡಿ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು. ಆ ರೈತ, ನನ್ನ ಕಾಲಿನ ಫೋಟೋ ತೋರಿಸ್ರಿ, ಹೆಸರೂ ಹಾಕ್ರಿ, ಪರವಾಗಿಲ್ಲ ಎಂದಿದ್ದರು. ಒಪ್ಪಿಗೆ ಸಿಕ್ಕಿತಲ್ಲ, ಮತ್ತೇನು ಅಂತ ಅನಿಸಬಹುದು. ಆದರೆ ಅವರು ಒಪ್ಪಿದ್ದು ಯಾರ ಮುಂದೆ? ಟೀವಿ ಡಾಕ್ಟರಮ್ಮನ ಮುಂದೆ. ಆಕೆ ಹೇಳಿದರೆಂದು ಗುಳಿಗೆ ಬಿಟ್ಟವರು ಆಕೆ ಕೇಳಿದರೆ ಇಲ್ಲ ಅನ್ನುತ್ತಾರಾ? ಜ್ವರ ಇಳಿದು, ಮನೆಗೆ ಹೋಗಿ, ಮಗ ಜೊತೆಗಿದ್ದಾಗ ಬೇರೊಬ್ಬರು ಹೋಗಿ ಮತ್ತೆ ಕೇಳಿದರು. ಈ ಸಲ ಅವರು ಹೆಸರು ಬೇಡ, ಊರು ಬೇಡ, ಫೋಟೋ ಬೇಡ, ಕಥೆ ಮಾತ್ರ ಹೇಳ್ರಿ ಎಂದರು. ಮಗಳ ಮದುವೆ ಮಾತುಕತೆ ನಡೆದಿತ್ತು. ಮೊದಲ ಒಪ್ಪಿಗೆಯ ಮೇಲೆ ಸುದ್ದಿ ಮಾಡಿದ್ದರೆ ಆ ಮನೆಗೆ ಎರಡನೇ ಪೆಟ್ಟು ಬೀಳುತ್ತಿತ್ತು.

ಇನ್ನು ತಿದ್ದುಪಡಿಯ ವಿಡಿಯೋ. ಮೊದಲ ಕರಡು ನಾಲ್ಕು ನಿಮಿಷದ್ದಾಗಿತ್ತು. ಅದರಲ್ಲಿ ಅವರು ನಟನೆಯ ದಿನಗಳ ಕಷ್ಟ ಹೇಳಿಕೊಂಡಿದ್ದರು, ಕ್ಷಮೆ ಕೇಳಿದ್ದರು, ಅತ್ತಿದ್ದರು. ಕಣ್ಣೀರು ನಿಜವೇ. ಅದರ ಬಗ್ಗೆ ನನಗೆ ಸಂಶಯ ಇಲ್ಲ. ಆದರೂ ಬೇಡ ಎಂದೆ. ಅವರು ಅತ್ತರೆ ನೋಡುವವರ ಮನಸ್ಸು ಅವರ ಕಡೆ ಹೋಗುತ್ತದೆ, ಧಾರಾವಾಹಿಯಲ್ಲಿ ಹೋಗುತ್ತಿದ್ದ ಹಾಗೆ. ಅಡುಗೆಮನೆ ಕಪಾಟಿನಲ್ಲಿ ಎತ್ತಿಟ್ಟ ಗುಳಿಗೆ ಡಬ್ಬಿಯ ಕಡೆ ಹೋಗುವುದಿಲ್ಲ. ಅವರು ಆ ರಾತ್ರಿ ಬೇಜಾರು ಮಾಡಿಕೊಂಡರು. ಮರುದಿನ ತಾವೇ ಎಲ್ಲ ಹೊಡೆದು ಹಾಕಿ ಹೊಸದಾಗಿ ಬರೆದು ತಂದರು. ಒಂದೂವರೆ ನಿಮಿಷ. ಬೆಂಗಳೂರಿನಲ್ಲಿ ಕಲಿತ ಟೀವಿ ಕನ್ನಡ ಬಿಟ್ಟು ಮನೆ ಮಾತಿನಲ್ಲಿ ಬರೆದಿದ್ದರು. ಅದನ್ನು ಪೂರ್ತಿ ಇಲ್ಲಿ ಕೊಡುತ್ತೇನೆ:

"ನಮಸ್ಕಾರ್ರಿ. ಸಕ್ಕರಿ ಬ್ಯಾನಿ ಗುಳಿಗಿ ನಿಮ್ಮಷ್ಟಕ್ಕ ನೀವಽ ಬಿಡಬ್ಯಾಡ್ರಿ. ನಾ ಡಾಕ್ಟರ್ ಅಲ್ಲ. ಟೀವ್ಯಾಗ ಡಾಕ್ಟರ್ ಪಾತ್ರ ಮಾಡೀನಿ ಅಷ್ಟಽ. ಗುಳಿಗಿ ಬಿಟ್ಟು ಪುಡಿ ತಗೋರಿ ಅಂತ ನಾ ಹೇಳೋ ಒಂದು ಹಳೀ ವಿಡಿಯೋ ನಿಮ್ಮ ಫೋನಿಗೆ ಬಂದಿದ್ರ, ಅದು ರೊಕ್ಕ ತಗೊಂಡು ಮಾಡಿದ ಜಾಹೀರಾತು. ಅದರಾಗ ನಾ ಹೇಳಿದ್ದು ತಪ್ಪು. ಅದನ್ನ ನಂಬಿ ಗುಳಿಗಿ ಬಿಟ್ಟಿದ್ರ ನಾಚಿಕಿ ಪಡಬ್ಯಾಡ್ರಿ. ನಾಳೆ ಮುಂಜಾನಿ ದವಾಖಾನಿಗೆ ಹೋಗಿ, ಇಷ್ಟು ತಿಂಗಳು ಬಿಟ್ಟೀನ್ರಿ ಅಂತ ಡಾಕ್ಟರ್ ಮುಂದ ಹೇಳ್ರಿ. ಹಳೀ ಗುಳಿಗಿ ಹಳೀ ಲೆಕ್ಕದಾಗ ನೀವಽ ಶುರು ಮಾಡಬ್ಯಾಡ್ರಿ, ರಕ್ತ ತೋರಿಸಿ ಕೇಳ್ಕೊಂಡು ಶುರು ಮಾಡ್ರಿ. ದಿನಾ ರಾತ್ರಿ ಪಾದ, ಬೆರಳ ಸಂದಿ ನೋಡ್ಕೋರಿ. ನಿಮಗ ಕಾಣಂಗಿಲ್ಲಂದ್ರ ಮನ್ಯಾಗ ಯಾರಿಗರೆ ತೋರಸ್ರಿ. ಈ ಮಾತೂ ನಾ ಹೇಳೀನಿ ಅಂತ ನಂಬಬ್ಯಾಡ್ರಿ. ಎಚ್‌ಬಿಎ1ಸಿ ಅಂತ ಒಂದು ಪರೀಕ್ಷಾ ಅದ. ಅದನ್ನ ಮಾಡಸ್ರಿ. ನಿಮ್ಮ ರಕ್ತಾನಽ ಖರೇ ಹೇಳ್ತದ."

ಕೊನೆಯ ಸಾಲುಗಳ ಮೇಲೆ ಸುದ್ದಿಮನೆಯಲ್ಲಿ ಚರ್ಚೆ ಆಯಿತು. ನಂಬಬೇಡಿ ಎಂದು ನಾವೇ ಹೇಳಿದರೆ ಹೇಗೆ ಎಂದು ಕೆಲವರು ಕೇಳಿದರು. ನನಗೆ ಇಡೀ ವಿಡಿಯೋದಲ್ಲಿ ಬೆಲೆ ಇರುವುದು ಆ ಸಾಲುಗಳಿಗೇ ಅನ್ನಿಸಿತು. ಅವತ್ತು ಪುಡಿ ನಂಬಿ ಎಂದ ಅದೇ ಮುಖ ಇವತ್ತು ಗುಳಿಗೆ ನಂಬಿ ಎಂದರೆ, ಜನ ಮುಖವನ್ನು ನಂಬುವುದು ಹಾಗೇ ಉಳಿಯುತ್ತದೆ. ನಾಳೆ ಇನ್ನೊಂದು ಮುಖ ಬರುತ್ತದೆ. ಮುಖದ ಹಂಗಿಲ್ಲದೆ ಅವರೇ ತಾಳೆ ನೋಡಬಹುದಾದ ಒಂದು ಸಂಗತಿಯನ್ನು ಕೈಗೆ ಕೊಡಬೇಕಿತ್ತು. ರಕ್ತ ಪರೀಕ್ಷೆ ಅಂಥದ್ದು. ಪಾದ ನೋಡಿಕೊಳ್ಳುವುದೂ ಅಂಥದ್ದೇ.

ಹಳೇ ಗುಳಿಗೆ ತಾವೇ ಶುರು ಮಾಡಬೇಡಿ ಎಂಬ ಸಾಲನ್ನು ಸೇರಿಸಿದ್ದು ಆಸ್ಪತ್ರೆಯ ಡಾಕ್ಟರ್ ಮಾತಿನ ಮೇಲೆ. ಗುಳಿಗೆ ಬಿಡಬೇಡಿ ಎಂದರೆ ಸಾಕು, ಜನ ಅವತ್ತೇ ಡಬ್ಬಿ ತೆಗೆದು ನುಂಗುತ್ತಾರೆ. ತಿಂಗಳುಗಟ್ಟಲೆ ಬಿಟ್ಟ ಮೇಲೆ ತೂಕ ಇಳಿದಿರುತ್ತದೆ, ಊಟ ಕಡಿಮೆ ಆಗಿರುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿರಬಹುದು. ಹಳೆಯ ಪ್ರಮಾಣ ಹೊಂದದೆ ಸಕ್ಕರೆ ದಿಢೀರ್ ಇಳಿದರೆ ಅದು ಇನ್ನೊಂದು ಅಪಾಯ. ಇದು ನಮ್ಮ ತಲೆಗೆ ಹೊಳೆದಿರಲಿಲ್ಲ.

ಹಳೆಯ ವಿಡಿಯೋ ತುಣುಕನ್ನು ತೋರಿಸಬೇಕಾ ಬೇಡವಾ? ತೋರಿಸದಿದ್ದರೆ ಯಾವ ವಿಡಿಯೋ ಅಂತ ಜನರಿಗೆ ಗೊತ್ತಾಗುವುದಿಲ್ಲ. ತೋರಿಸಿದರೆ ನಮ್ಮ ವಿಡಿಯೋದಿಂದಲೇ ಅದನ್ನು ಕತ್ತರಿಸಿ ಮತ್ತೆ ಕಳಿಸುತ್ತಾರೆ. ಕೊನೆಗೆ ದನಿ ಇಲ್ಲದೆ ಒಂದೇ ಸ್ಥಿರಚಿತ್ರ ಹಾಕಿದೆವು. ಮುಖದ ಅಡ್ಡಕ್ಕೆ ಕೆಂಪು ಪಟ್ಟಿ ಎಳೆದು, ಅದರ ಮೇಲೆ "ಜಾಹೀರಾತು, ನಂಬಬೇಡಿ" ಎಂದು ಬರೆದೆವು. ಪಟ್ಟಿಯನ್ನು ಮೂಲೆಗೆ ಹಾಕಿದರೆ ಕತ್ತರಿಸಿ ತೆಗೆಯಬಹುದು. ಮುಖದ ಮೇಲಿದ್ದರೆ ಮುಖವೇ ಹೋಗುತ್ತದೆ.

ಯೂಟ್ಯೂಬ್‌ನಲ್ಲಿ ಹಾಕಿ ಕೈತೊಳೆದುಕೊಂಡಿದ್ದರೆ ಪ್ರಯೋಜನ ಇರುತ್ತಿರಲಿಲ್ಲ. ಸುಳ್ಳು ಹೋದ ದಾರಿಯಲ್ಲೇ ತಿದ್ದುಪಡಿಯೂ ಹೋಗಬೇಕು. ವಾಟ್ಸಾಪ್‌ನಲ್ಲಿ ಒಮ್ಮೆ ಹೋದದ್ದನ್ನು ನಾವು ವಾಪಸ್ ಪಡೆಯಲು ಆಗುವುದಿಲ್ಲ. ಯಾರು ಯಾರಿಗೆ ಕಳಿಸಿದರು ಎಂಬುದೂ ಸಿಗುವುದಿಲ್ಲ. ಬಹಳ ಸಲ ಫಾರ್ವರ್ಡ್ ಆದ ಸಂದೇಶಕ್ಕೆ ಜೋಡಿ ಬಾಣದ ಗುರುತು ಬರುತ್ತದೆ, 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಆದರೆ ಫೋನಿನಲ್ಲಿ ಉಳಿಸಿಕೊಂಡು ಹೊಸದಾಗಿ ಹಾಕಿದರೆ ಆ ಗುರುತೂ ಮಾಯ. ಹಾಗಾಗಿ ನಾವು ಮಾಡಿದ್ದು ಕಾಲ್ನಡಿಗೆಯ ಕೆಲಸ. ತೊಗರಿ ಧಾರಣೆ ಗ್ರೂಪ್‌ಗಳ ಅಡ್ಮಿನ್‌ಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ದಿನದ ಧಾರಣೆಯ ಕೆಳಗೇ ಇದನ್ನು ಹಾಕಿ ಎಂದು ಕೇಳಿದೆವು. ಆಶಾ ಕಾರ್ಯಕರ್ತೆಯರಿಗೆ ಕಳಿಸಿದೆವು. ಧಾರಾವಾಹಿಯ ಹಳೆಯ ಅಭಿಮಾನಿಗಳ ಗುಂಪು ಇನ್ನೂ ಜೀವಂತವಿತ್ತು, ಅಲ್ಲೂ ಹಾಕಿದರು.

ಎಲ್ಲಕ್ಕಿಂತ ಕೆಲಸಕ್ಕೆ ಬಂದವರು ಮೆಡಿಕಲ್ ಶಾಪ್‌ನವರು. ತಿಂಗಳಿಗೊಮ್ಮೆ ಗುಳಿಗೆ ಒಯ್ಯುತ್ತಿದ್ದವರು ಬರುವುದು ನಿಲ್ಲಿಸಿದ್ದಾರೆ ಎಂದು ಅವರಿಗೆ ಮುಖ ನೋಡಿ ನೆನಪಿರುತ್ತದೆ. ಅಂಥವರ ಮನೆಗೆ ತಾವೇ ಫೋನ್ ಮಾಡಿದ ಒಬ್ಬ ಅಂಗಡಿಯವರನ್ನು ನಾನು ಮರೆಯಲಾರೆ. ಸೇಡಂ ರಸ್ತೆಯ ಚಿಕ್ಕ ಅಂಗಡಿ ಅವರದು.

ಕಾನೂನು ಏನು ಹೇಳುತ್ತದೆ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದೇ ಅಪರಾಧ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ ಈ ಕಾಯಿಲೆಯ ಹೆಸರಿದೆ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಕಾಯ್ದೆಗೆ ಎಪ್ಪತ್ತು ವರ್ಷ ದಾಟಿದೆ, ಪುಡಿಗಳು ಮಾರಾಟವಾಗುತ್ತಲೇ ಇವೆ.

ಜಾಹೀರಾತಿನಲ್ಲಿ ಮುಖ ತೋರಿಸುವವರ ಹೊಣೆ ಸ್ಪಷ್ಟವಾದದ್ದು 2019ರ ಗ್ರಾಹಕ ರಕ್ಷಣಾ ಕಾಯ್ದೆಯಿಂದ. ತಪ್ಪು ದಾರಿಗೆ ಎಳೆಯುವ ಜಾಹೀರಾತು ಎಂದು ಸಾಬೀತಾದರೆ ಅವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಒಂದು ವರ್ಷದವರೆಗೆ ಜಾಹೀರಾತು ಮಾಡದಂತೆ ತಡೆಯಬಹುದು. ಹೇಳುವ ಮಾತು ನಿಜವೇ ಅಂತ ಮೊದಲೇ ವಿಚಾರಿಸಿದ್ದರೆ ಮಾತ್ರ ವಿನಾಯಿತಿ. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿತು. ನಮ್ಮ ವರದಿಗಾರ್ತಿಯ ಜಾಹೀರಾತು ಈ ಕಾಯ್ದೆಗಿಂತ ಹಳೆಯದು. ಅದನ್ನು ಅವರು ನೆಪ ಮಾಡಿಕೊಳ್ಳಲಿಲ್ಲ. ಔಷಧ ನಿಯಂತ್ರಣ ಇಲಾಖೆಗೆ ಕೊಟ್ಟ ದೂರಿಗೆ ತಮ್ಮ ಹಳೆಯ ಕರಾರಿನ ಪ್ರತಿಯನ್ನೂ ಲಗತ್ತಿಸಿ ಸಹಿ ಮಾಡಿದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟೆವು. ಇಂಥ ವಿಡಿಯೋ ಬಂದರೆ ಯಾರು ಬೇಕಾದರೂ ಆ ನಂಬರ್‌ಗೆ ಹೇಳಬಹುದು. ವಿಡಿಯೋದಲ್ಲಿದ್ದ ಫೋನ್ ಕೆಲವೇ ದಿನಗಳಲ್ಲಿ ಸ್ವಿಚ್ ಆಫ್ ಆಯಿತು.

ಆಮೇಲೆ

ಗುಳಿಗೆ ಬಿಟ್ಟಿದ್ದೇವೆ ಎಂದು ಕರೆ ಮಾಡಿದವರು ಇದ್ದರು. ಅಪ್ಪ ಬಿಟ್ಟಿದ್ದಾರೆ, ಹೇಳಿದರೆ ಕೇಳ್ತಿಲ್ಲ, ನೀವೊಮ್ಮೆ ಮಾತಾಡ್ರಿ ಎಂದವರೂ ಇದ್ದರು. ಆ ಎರಡನೇ ಬಗೆಯ ಕರೆ ಬಹಳ ಕಷ್ಟದ್ದು. ವರದಿಗಾರ್ತಿ ಮಾತಾಡಿದರೆ ಆ ಅಪ್ಪ ಕೇಳುತ್ತಾರೆ ಎಂಬುದು ನಮಗೆಲ್ಲ ಗೊತ್ತು. ಒಂದು ನಿಯಮ ಮಾಡಿಕೊಂಡೆವು: ಗುಳಿಗೆ ಬಗ್ಗೆ ಫೋನಿನಲ್ಲಿ ಮಾತಾಡುವುದಿಲ್ಲ, ದವಾಖಾನೆಗೆ ಹೋಗಲು ಒಪ್ಪಿಸುವುದಕ್ಕೆ ಮಾತ್ರ ಮಾತಾಡುತ್ತಾರೆ.

ಬೈದವರು ಕಡಿಮೆ ಇರಲಿಲ್ಲ. "ಈಗ ಗುಳಿಗಿ ಕಂಪನಿಯವರು ರೊಕ್ಕ ಕೊಟ್ಟಾರೇನು?" ಎಂದು ಒಬ್ಬರು ಕೇಳಿದರು. ಒಮ್ಮೆ ದುಡ್ಡಿಗೆ ಮಾತಾಡಿದವರನ್ನು ಇನ್ನೊಮ್ಮೆ ಹಾಗೆ ಕೇಳುವುದು ನ್ಯಾಯವೇ. ನಮ್ಮ ಆರೋಗ್ಯ ಕಾರ್ಯಕ್ರಮಕ್ಕೆ ಔಷಧ ಕಂಪನಿ, ಆಸ್ಪತ್ರೆ ಜಾಹೀರಾತು ತಗೊಳ್ಳುವುದಿಲ್ಲ ಎಂದು ವಿಡಿಯೋದ ಕೆಳಗೆ ಬರೆದು ಉತ್ತರ ಕೊಟ್ಟೆವು. ಈಗ ಪ್ರತಿ ಕಂತಿನಲ್ಲೂ ಆ ಸಾಲು ಇರುತ್ತದೆ. ಅದರ ಮುಂದೆ ಅವರು ಹೇಳುವ ಇನ್ನೊಂದು ಸಾಲೂ ಇದೆ: "ನಾ ಡಾಕ್ಟರ್ ಅಲ್ಲ, ಡಾಕ್ಟರ್ ಹತ್ರ ಕೇಳ್ಕೊಂಡು ಬಂದು ಹೇಳಾಕತ್ತೀನಿ." ಬೀದಿಯಲ್ಲಿ ಯಾರಾದರೂ ಡಾಕ್ಟರಮ್ಮ ಅಂದರೆ ಈಗ ಅವರು ನಕ್ಕು ಮುಂದೆ ಹೋಗುವುದಿಲ್ಲ. ನಿಂತು ಅಲ್ಲ ಎಂದು ಹೇಳಿಯೇ ಹೋಗುತ್ತಾರೆ.

2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, 13.6 ಕೋಟಿ ಜನ ಅದರ ಅಂಚಿನಲ್ಲಿದ್ದಾರೆ. ಪುಡಿ ಮಾರುವವರಿಗೂ ಈ ಲೆಕ್ಕ ಚೆನ್ನಾಗಿ ಗೊತ್ತು. ಮೆಂತ್ಯ, ಹಾಗಲಕಾಯಿ ಊಟದಲ್ಲಿ ಇರಲಿ, ಅದಕ್ಕೆ ಯಾರ ತಕರಾರೂ ಇಲ್ಲ. ನಮ್ಮ ಜಗಳ ಇರುವುದು ಗುಳಿಗೆ ಬಿಡಿ ಎನ್ನುವ ಮಾತಿನ ಜೊತೆ.

ಆ ರೈತ ಈಗ ಇನ್ಸುಲಿನ್ ಮತ್ತು ಗುಳಿಗೆಯ ಮೇಲಿದ್ದಾರೆ. ಹೊಲಕ್ಕೆ ಮುಚ್ಚಿದ ಬೂಟು ಹಾಕಿಕೊಂಡು ಹೋಗುತ್ತಾರೆ. ರಾತ್ರಿ ಪಾದ ನೋಡುವ ಕೆಲಸ ಹೆಂಡತಿಯದು.

ಇತ್ತೀಚೆಗೆ ಬೀದರ್ ಜಿಲ್ಲೆಯ ಔರಾದ್ ಕಡೆಯಿಂದ ಅದೇ ವಿಡಿಯೋ ಮತ್ತೆ ಬಂತು. ಈ ಸಲ ಮರಾಠಿ ದನಿ ಹಾಕಿದ್ದಾರೆ, ಪುಡಿಗೆ ಬೇರೆ ಹೆಸರು, ಬೇರೆ ನಂಬರ್. ಗಡಿಯ ಆ ಊರುಗಳಲ್ಲಿ ಮರಾಠಿ ಮಾತಾಡುವವರು ಬಹಳ. ತಿದ್ದುಪಡಿಯೂ ಮರಾಠಿಯಲ್ಲಿ ಆಗಬೇಕಿತ್ತು. ಸಾಲುಗಳನ್ನು ಬರೆಸಿ ಪ್ರಾಂಪ್ಟಿಂಗ್ ಕೊಟ್ಟರೆ ವರದಿಗಾರ್ತಿ ಸಲೀಸಾಗಿ ಹೇಳಬಲ್ಲರು. ಆದರೆ ಅರ್ಥ ಗೊತ್ತಿಲ್ಲದ ಭಾಷೆಯಲ್ಲಿ ಔಷಧದ ಮಾತು ಹೇಳಲು ಅವರು ಒಪ್ಪಲಿಲ್ಲ. ಔರಾದ್‌ನವರೇ ಆದ ಒಬ್ಬ ನರ್ಸ್ ಮಾತಾಡಿದರು. ಇವರು ಪಕ್ಕದಲ್ಲಿ ನಿಂತು, ವಿಡಿಯೋದಲ್ಲಿರುವುದು ನಾನೇ, ಇವರು ಹೇಳುತ್ತಿರುವುದು ಸರಿ ಎಂದು ಕನ್ನಡದಲ್ಲಿ ಒಂದು ಸಾಲು ಹೇಳಿದರು. ಔಷಧ ನಿಯಂತ್ರಣ ಇಲಾಖೆಗೆ ಕೊಟ್ಟ ದೂರಿಗೆ ಈ ಹೊಸ ಪ್ರತಿಯನ್ನೂ ಸೇರಿಸಿದ್ದೇವೆ.